ಬಲಗಡೆಯ ಹಲ್ಲು

ನನ್ನ ಬಲಗಿವಿ ಮಿಲ್ಲಿನವರದು.
ಇಪ್ಪತ್ತೆರಡು ವರ್ಷ ಮಗ್ಗದ ಖಾತೆಯಲ್ಲಿ
ಅದನ್ನೇ ಮುಂದೆ ಮಾಡಿ ನಿಂತೆ.
ಗೇಟು ಮುಚ್ಚಿದ ದಿನ ಲೆಕ್ಕ ಚುಕ್ತಾ ಮಾಡಿದರು,
ಕಿವಿ ವಾಪಸು ಕೊಡಲಿಲ್ಲ.
ಈಗಲೂ ಅದರೊಳಗೆ ಎರಡನೇ ಪಾಳಿ.

ಮಂಡಿಪೇಟೆಯ ಮೈಕ್‌ಸೆಟ್ ಅಂಗಡಿ ಖಾಲಿ ಮಾಡುತ್ತಾ
ದಾದಾಪೀರ್ ಈ ರೆಕಾರ್ಡ್ ಪ್ಲೇಯರ್ ತಂದಿಟ್ಟ:
"ನೀನೇ ಇಟ್ಕೋ. ನೂಲಿನ ಕೆಲಸ ಐತಿ ಇದರಾಗ."

ನೂಲೇ. ಮುಳ್ಳಿನ ತೋಳಿಗೆ ಬೆನ್ನ ಹಿಂದೊಂದು ಕಡ್ಡಿ,
ಕಡ್ಡಿಗೆ ಮೂರು ಕಚ್ಚು,
ಕಚ್ಚಿಗೆ ನೂಲು, ನೂಲಿನ ತುದಿಗೆ
ಮೂಗುಬೊಟ್ಟಿನಷ್ಟು ತೂಕ.
ತಟ್ಟೆ ತಿರುಗಿದರೆ ಮುಳ್ಳಿಗೆ ನಡುವಿನ ಮೇಲೇ ಕಣ್ಣು.
ಗೆರೆಯ ಒಳಗೋಡೆಗೆ ಭುಜ ಕೊಟ್ಟು ಜಾರುತ್ತದೆ,
ಹೊರಗೋಡೆಯನ್ನು ಮರೆತೇಬಿಡುತ್ತದೆ.
ಸೆರಗು ಹಿಡಿದು ಇತ್ತ ಬಾ ಅನ್ನುವುದು
ಆ ತೂಕದ ಕೆಲಸ.
ಹಳೆಯ ನೂಲು ಹರಿದಿತ್ತು.
ಮಿಲ್ಲಿನ ಕೊನೆಯ ಬೋನಸ್ಸಿನ ಪಂಚೆಯಿಂದ
ಎಳೆಯೊಂದನ್ನು ಕಿತ್ತು, ಜೇನುಮೇಣ ಸವರಿ ಕಟ್ಟಿದೆ.

ಯಾವ ಕಚ್ಚಿಗೆ ಅಂತ ಕಾಗದದಲ್ಲಿತ್ತಂತೆ.
ಕಾಗದವನ್ನು ಇಲಿ ಓದಿ ಮುಗಿಸಿತ್ತು.
ಇನ್ನು ಕಿವಿಯಲ್ಲೇ ನೋಡಬೇಕು,
ಹೊರಗೋಡೆಯ ದನಿ ಬರುವ ಪೆಟ್ಟಿಗೆಯಲ್ಲಿ.
ಅದು ಬಲಗಡೆಯದು.

ಕುರ್ಚಿ ತಿರುಗಿಸಿದೆ.
ಹಾಡಿಗೆ ಬೆನ್ನು ಹಾಕಿ ಕೂತೆ. ಬಲ ಎಡಕ್ಕೆ ಬಂತು.
ಕಂಪನಿ ನಾಟಕದವಳು ಯಾರೋ, ಲೇಬಲ್ಲಿನಲ್ಲಿ ಹೆಸರು ಅಳಿಸಿದೆ;
ಕೊನೆಯ ಹಾಡು, ಗೆರೆಗಳು ಇಕ್ಕಟ್ಟಾಗುವ ಜಾಗ.
ಶಕಾರ ಬಂದಲ್ಲೆಲ್ಲ
ಥಾನಿನ ಅಂಚು ಹಿಡಿದು ಹರಿದ ಹಾಗೆ, ಪರ್ರನೆ.

ಎದುರಿಗೆ ಬಾಗಿಲು. ಮಂಡಕ್ಕಿ ಭಟ್ಟಿಯಿಂದ ಬಕ್ಕಮ್ಮ ಬಂದಳು,
ಹುಬ್ಬಿನ ಮೇಲೆ ಹೊಟ್ಟಿನ ಬೂದಿ.
"ಏನ್ರಿ, ಹಾಡಿನ ಮ್ಯಾಲೆ ಸಿಟ್ಟಾ?"
ಚಪ್ಪಲಿ ಬಿಡದೆ ಒಂದು ಗಳಿಗೆ ಕೇಳಿದಳು.
"ಆಕಿಗೆ ಬಲಗಡೆ ಹಲ್ಲೊಂದು ಬಿದ್ದೈತಿ.
ಗಾಳಿ ಸೋರತೈತಿ."

ಮಿಲ್ಲಿನ ಯಾವ ಮೇಸ್ತ್ರಿಯೂ
ಇಷ್ಟು ಚೊಕ್ಕವಾಗಿ ಐಬು ಹೇಳಿರಲಿಲ್ಲ.

ಮೊದಲ ಕಚ್ಚು. "ಬಂತಾ ಹಲ್ಲು?"
"ಅಲ್ಲಾಡತೈತಿ."
ಎರಡನೆಯದು.
"ಬಂತು. ಆದ್ರ ಹಾಲುಹಲ್ಲು."
ಮೂರನೆಯದಕ್ಕೆ ಹಾಕಿದೆನೋ ಇಲ್ಲವೋ
"ಅಯ್ಯ, ಎಡಗಡೆದು ಬಿತ್ತಲ್ರಿ!"

ಎರಡಕ್ಕೂ ಮೂರಕ್ಕೂ ನಡುವೆ ಕಚ್ಚಿಲ್ಲ, ಬರೀ ನುಣುಪು ಕಡ್ಡಿ.
ಖಾತೆಯಲ್ಲಿ ಹಾಸಿನ ಬಿಗಿ ಇಷ್ಟೆಂದು
ಗೋಡೆಯ ಮೇಲೆ ನಂಬರು ಬರೆದಿತ್ತು, ಯಾರೂ ನೋಡುತ್ತಿರಲಿಲ್ಲ.
ಬೆರಳಲ್ಲಿ ಮೀಟುತ್ತಿದ್ದೆವು;
ಹೆಚ್ಚಾದರೆ ಎಳೆ ಹರಿಯುತ್ತಿತ್ತು, ಸಡಿಲಾದರೆ ಲಾಳಿ ಎಡವುತ್ತಿತ್ತು,
ನಡುವಿನದಕ್ಕೆ ಹೆಸರಿರಲಿಲ್ಲ.

ಆಕೆಯ ಕೂದಲಲ್ಲಿ ಒಂದು ಮಂಡಕ್ಕಿ ಕಾಳು ಸಿಕ್ಕಿಕೊಂಡಿತ್ತು.
ತೆಗೆದು, ಮೇಣ ಹಚ್ಚಿ, ತೂಕಕ್ಕೆ ಅಂಟಿಸಿದೆ.
ನೂಲನ್ನು ಎರಡನೇ ಕಚ್ಚಿಗೇ ಇಳಿಸಿದೆ.
ಮತ್ತೆ ಬೆನ್ನು ಹಾಕಿ ಕೂತೆ.

ಶಕಾರ ಬಂತು.
ಆಕೆಯ ಹುಬ್ಬು ಗಂಟಾಗಲಿಲ್ಲ.
ಇನ್ನೊಂದು ಬಂತು.
"ಈಗ ನೋಡ್ರಿ, ತುಂಬಿದ ಬಾಯಿ.
ಎಲಿಅಡಿಕಿ ಹಾಕ್ಕೊಂಡೇ ಹಾಡಾಕ ಹತ್ಯಾಳ."

ಹಾಡು ಮುಗಿದು ಮುಳ್ಳು ನಡುವಿನ ಹತ್ತಿರ
ಟಕ್ಕು ಟಕ್ಕೆನ್ನುತ್ತಿತ್ತು. ಎತ್ತಲು ಎದ್ದೆ.
ಎದ್ದವನು ಕುರ್ಚಿಯನ್ನು ಮೊದಲಿನಂತೆ ತಿರುಗಿಸಹೋದರೆ,
ಹೊಸ್ತಿಲಲ್ಲೇ ಕೂತು ಚಪ್ಪಲಿ ಬಿಡುತ್ತಾ ಬಕ್ಕಮ್ಮ ಅಂದಳು:
"ಇನ್ನೊಂದ್ಸಲ ಹಚ್ರಿ.
ಕುರ್ಚಿ ಈ ಕಡೆನೇ ಇರಲಿ."