ಹೊಟ್ಟಿನ ಗುಡ್ಡಿ ಮ್ಯಾಲಿಂದ

ಮಿಲ್ಲಿನ ಅಂಗಳದಾಗ ಎರಡು ಬೊಂಬು ನೆಟ್ಟು
ಬಿಳಿ ಪರದೆ ಬಿಗಿತಿದ್ರು.
ಮುಂದ, ಭತ್ತ ಒಣಹಾಕೋ ಕಟ್ಟಿ ಮ್ಯಾಲ
ಸಾವುಕಾರ್ರು, ಗುಮಾಸ್ತ್ರು, ಟ್ರ್ಯಾಕ್ಟರಿನವ್ರು,
ಅವರ ಹೆಂಡ್ರು, ಮಕ್ಕಳು, ಖುರ್ಚಿ.
ಹಿಂದ ನಾವು, ಹಮಾಲರ ಮಂದಿ,
ಹೊಟ್ಟಿನ ಗುಡ್ಡಿ ಮ್ಯಾಲ.
ಕಾರಟಗ್ಯಾಗ ಅದಕ್ಕಿಂತ ಮೆತ್ತನ ಬಾಲ್ಕನಿ
ಯಾವ ಟಾಕೀಜಿನಾಗೂ ಇದ್ದಿದ್ದಿಲ್ಲ.
ತೊಡಿ ತುಂಬ ತುರಿಕಿ, ಅದೊಂದು.

ವರ್ಷಕ್ಕೊಮ್ಮೆ, ಅದ ಪಿಚ್ಚರ್.
ಬ್ಯಾರೆ ಡಬ್ಬಿ ಸಾವುಕಾರ್ರಿಗೆ ಯಾರೂ ಕೊಡ್ತಿದ್ದಿಲ್ಲೇನೋ.
ಹೆಸರು ಗೊತ್ತಿಲ್ಲ,
ನಮ್ಮ ಕಡೆಯಿಂದ ಅಕ್ಷರ ಉಲ್ಟಾ.
ಎಮ್ಮಿ ಪಿಚ್ಚರ್ ಅಂತಿದ್ವಿ.
ಒಬ್ಬ ಮಳ್ಳ ಮದುಮಗ,
ಅವನ ಪಂಚಿ ಎಮ್ಮಿ ತಿಂತಿತ್ತು,
ಬಾಯಾಗಿಂದ ಅವ ಜಗ್ಗತಿದ್ದ,
ಎಮ್ಮಿ ಅವನ್ನ ಮಂಟಪಕ್ಕ ಎಳಕೊಂಡು ಹೋಗ್ತಿತ್ತು,
ಅಯ್ನೋರು ಎಮ್ಮಿ ಕೊಳ್ಳಾಗ ಮಾಲಿ ಹಾಕ್ತಿದ್ರು.
ಕಥಿ ಇಷ್ಟ.
ಅಪ್ಪ ನಗಾಕ ಹತ್ತಿದ್ರ
ಎದಿಯೊಳಗಿನ ತೌಡಿನ ಧೂಳೆಲ್ಲ ಎದ್ದು ಬರ್ತಿತ್ತು,
ಯಾವುದು ನಗು ಯಾವುದು ಕೆಮ್ಮು
ಅವ್ವಗೂ ತಿಳಿತಿದ್ದಿಲ್ಲ.

ನನಗ ಬೇಕಾಗಿದ್ದು ಎಮ್ಮಿ ಅಲ್ಲ.
ಅವ ಊಟಕ್ಕ ಕುಂಡ್ರೋ ಸೀನು.
ಎಡಗೈಲೆ ಉಣ್ತಿದ್ದ.
ಸಾರು, ಹಪ್ಪಳ, ಮ್ಯಾಲ ಹೋಳಗಿ,
ಬೀಗರೆಲ್ಲ ಕುಂತಿದ್ರೂ ನಾಚಿಕಿಲ್ಲದಂಗ
ಎಡಗೈಲೆ.
ಅತ್ಲಾಗ ಮಂದಿ ಹೋ ಅಂತ ನಗತಿದ್ರು.
ನಾನು ನಗತಿದ್ದಿಲ್ಲ.
ನನ್ನ ಎಡಗೈ ಗಿಣ್ಣಿನ ಮ್ಯಾಲ
ಅಯ್ಯಣ್ಣ ಮಾಸ್ತರ ರೂಲುಪಟ್ಟಿ ಗುರುತು ಇನ್ನಾ ಆರಿದ್ದಿಲ್ಲ.
ಸಾಲ್ಯಾಗ ನನ್ನ ಹೆಸರು ರೊಡ್ಡಿ.
"ಉಣ್ಣೋ ಕೈ ಯಾವುದು, ತೊಳಿಯೋ ಕೈ ಯಾವುದು"
ಅಂತ ಆಯಿ ದಿನಾ ಕೇಳೋಕಿ.
ಒಬ್ಬ ಇದ್ದ, ಪರದ್ಯಾಗ.
ಹುಲಿಗೆಮ್ಮಗ ಬೇಡಿಕೊಂಡಿದ್ದೆ,
ಅವನ ಊರು ಎಷ್ಟ ದೂರ ಇರಲಿ ತಾಯಿ,
ನನ್ನ ಅಲ್ಲಿಗೇ ಕೊಡಿಸು.

ಈಗ ಬಸ್‌ಸ್ಟ್ಯಾಂಡ್ ಹಿಂದ ನಂದ ಟೇಲರಿಂಗ್ ಅಂಗಡಿ.
ಲಗ್ನದ ಸೀಜನ್ನು, ಹದಿನೇಳು ಜಂಪರಿಗೆ ಹುಕ್ಕು ಬಾಕಿ.
ಬಲಗೈಯವರಿಗೆ ಮಾಡಿದ ಕತ್ತರಿ ಎಡಗೈಗೆ ಒಗ್ಗಿಸಿ ಒಗ್ಗಿಸಿ
ಹೆಬ್ಬಟ್ಟಿಗೊಂದು ಗಂಟು.
ರಾತ್ರಿ ಹತ್ತಕ್ಕ ತಮ್ಮನ ಮಗ ಮೌನೇಶ ಫೋನು ಹಿಡಕೊಂಡು ಬಂದ:
"ಅತ್ತೀ, ನಿನ್ನ ಎಮ್ಮಿ ಸಿಕ್ಕಿತು."

ಖರೇನ, ಅದ ಎಮ್ಮಿ.
ಅದ ಪಂಚಿ. ಅದ ಮಾಲಿ.
ಹುಡುಗ ಎರಡು ಸಲ ಆಕಳಿಸಿದ.
ನಾನೂ ಅಷ್ಟೇನು ನಗಲಿಲ್ಲ, ಸುಳ್ಳ ಯಾಕ ಹೇಳಲಿ.
ಎಲ್ಲಾರಕಿಂತ ಎಮ್ಮೀನ ಚಲೋ ಆಕ್ಟಿಂಗ್ ಮಾಡೈತಿ.
ಊಟದ ಸೀನು ಬಂತು.
ಎಲಿ ಹಾಕಿದ್ರು, ನೀರು ಚಿಮುಕಿಸಿದ್ರು,
ಅವ ಬಲಗೈ ಚಾಚಿದ.

ಬಲಗೈ.
ನನ್ನ ಕೈಯಾಗಿನ ಸೂಜಿ ಹಂಗ ನಿಂತಿತು.
ತಿರಗಿ ಹಾಕು ಅಂದೆ. ಹಾಕಿದ.
ಬಲಗೈಲೆ ಸಾರು, ಬಲಗೈಲೆ ಹಪ್ಪಳ,
ಊರ ಎಲ್ಲಾ ಗಂಡಸರಂಗ ಉಂಡ, ಮಗ.
ಮಂದಿ ನಕ್ಕಿದ್ದು
ಅವನ ಹಿಂದ ಎಮ್ಮಿ ಬೀಗರ ಎಲಿ ನೆಕ್ಕತಿತ್ತು, ಅದಕ್ಕ.
ಆ ಎಮ್ಮೀನ್ನ ನಾನು ನೋಡೇ ಇದ್ದಿದ್ದಿಲ್ಲ.
ಮೂವತ್ತ್ನಾಕು ವರ್ಷ.

"ಯಾಕತ್ತೀ?"
ಏನಂತ ಹೇಳಲಿ, ಬೈದೆ:
"ಬಿಲ್ಲು ನಿಮ್ಮಪ್ಪ ಕಟ್ಟತಾನೇನು, ಲೈಟ್ ಆರಿಸು."
ಆರಿಸಿದ.
ಕತ್ತಲಾಗ ಫೋನಿನ ಬೆಳಕು ಹೋಗಿ
ಗಿರಾಕಿ ನಿಂತು ನೋಡ್ಕೊಳ್ಳೋ ಕನ್ನಡಿಗೆ ಬಿತ್ತು.
ಎದ್ದು ಹೋಗಿ
ಫೋನಿನ ಮುಖ ಕನ್ನಡಿ ಮುಖಕ್ಕ ಹಿಡಿದೆ.
ಎಡಗೈ.
ಅಗದಿ ಎಡಗೈ,
ಹೋಳಗಿ ತುಪ್ಪ ಮೊಣಕೈ ತನಕ ಸೋರಕೋತ.

"ಬೋರ್ಡಿನ ಅಕ್ಷರೆಲ್ಲ ಉಲ್ಟಾ ಅದಾವಲ್ಲ,
ತಿಳಿತೈತೇನು ನಿನಗ?"
ಬರ್ತೈತೋ ಮೌನೇಶ,
ನಾನು ಮೊದಲು ಓದಾಕ ಕಲ್ತಿದ್ದ ಹಂಗ.

ಎಮ್ಮಿ ಮಂಟಪಕ್ಕ ಬಂತು.
ಬಾಜೂಕ ಯಾರೋ ಕೆಮ್ಮಿದಂಗಾತು.
ಹನ್ನೊಂದು ಜಂಪರು ಇನ್ನಾ ಬಾಕಿ ಇದ್ವು,
ನಾನು ತೊಡಿ ಕೆರಕೋತ ನಿಂತಿದ್ದೆ.