ಗಡುವಿನೊಳಗೆ

ಭಾನುವಾರ, ನಾಲ್ಕೂ ಇಪ್ಪತ್ತು.
ಯಶವಂತಪುರದ ಮೂರನೇ ಮಹಡಿಯಿಂದ
ಸೈಕಲ್ಲು ಹೆಗಲಿಗೇರಿಸಿ, ಶೂ ಕೈಯಲ್ಲಿ ಹಿಡಿದು
ಬರೀ ಕಾಲುಚೀಲದಲ್ಲಿ ಇಳಿಯುತ್ತೇನೆ.
ಓನರಮ್ಮನ ಬಾಗಿಲಿಗೆ ನಿನ್ನೆಯ ರಂಗೋಲಿ.
ಅದನ್ನು ತುಳಿಯದಿರುವುದೇ ದಿನದ ಮೊದಲ ತಿರುವು.

ಬಿಇಎಲ್ ಸರ್ಕಲ್ಲಿನ ನಾಯಿಗಳಿಗೆ ನನ್ನ ವೇಗ ಗೊತ್ತು.
ಓಡಿ ಬರುವುದಿಲ್ಲ, ಕೂತಲ್ಲೇ ಬೊಗಳಿ
ಹಾಜರಿ ಹಾಕಿಕೊಳ್ಳುತ್ತವೆ.
ಹೆಬ್ಬಾಳ ದಾಟಿದರೆ ಎದುರಿಗೆ
ಮಾರ್ಕೆಟ್ಟಿಗೆ ಹೊರಟ ಸೇವಂತಿಗೆ ಟೆಂಪೋ:
ಅರೆಗಳಿಗೆ ಇಡೀ ಬಳ್ಳಾರಿ ರಸ್ತೆ
ಯಾರದೋ ಮದುವೆಯ ಮುಡಿ.

ನಾವು ನಾಲ್ವರು.
ಶಿವಾಜಿನಗರದ ಮುನೀರಣ್ಣ,
ಚಕ್ರದ ಸೊಟ್ಟನ್ನು ಕಿವಿಯಲ್ಲೇ ಹಿಡಿಯುವವನು.
ಹಲ್ಲಿನ ಡಾಕ್ಟರು ಪೊನ್ನವ್ವ,
ಐವತ್ತಕ್ಕೆ ಸೈಕಲ್ ಕಲಿತವರು.
ಡಿಪ್ಲೊಮಾ ಹುಡುಗ ತಿಪ್ಪೇಶ,
ಮೊಣಕಾಲ ತುಂಬ ಗಾಯ, ಬಾಯಿ ತುಂಬ ಗ್ರಾಮುಗಳ ಲೆಕ್ಕ.
ಚೀಟಿ ಎತ್ತಿದ ಹಾಗೆ ಸರದಿ ಪ್ರಕಾರ
ಒಬ್ಬರು ಮುಂದೆ ಹೋಗಿ ಗಾಳಿ ತಿನ್ನಬೇಕು,
ಉಳಿದವರು ಆ ಬೆನ್ನಿನ ಮರೆಗೆ.
ನನ್ನ ಸರದಿ ಎರಡು ನಿಮಿಷಕ್ಕೇ ಮುಗಿಯುತ್ತದೆ.
ಯಾರೂ ಗಡಿಯಾರ ನೋಡುವುದಿಲ್ಲ.

ವಾರವಿಡೀ ನಾನು ರಕ್ತ ತೆಗೆಯುವವಳು.
ರಬ್ಬರ್ ಪಟ್ಟಿ, ಸ್ಪಿರಿಟ್ಟು, ನೇರಳೆ ಮುಚ್ಚಳದ ನಳಿಕೆ.
ಹದಿನೇಳರಲ್ಲಿ ಒಬ್ಬನ ಚಿತ್ರ ಕತ್ತರಿಸಿ
ಬೀರುವಿನ ಒಳಬಾಗಿಲಿಗೆ ಅಂಟಿಸಿದ್ದೆ:
ಕೆಂಪು ಚುಕ್ಕೆಯ ಅಂಗಿ, ಹಿಂದೆ ಮಂಜಿನ ಬೆಟ್ಟ,
ನಗದ ಮುಖ.
ಆಮೇಲೆ ಪೇಪರಿನ ಒಳಪುಟದಲ್ಲಿ ಎರಡೇ ಇಂಚು,
ಅವನ ನಳಿಕೆ ಸುಳ್ಳು ಹೇಳಿರಲಿಲ್ಲ.
ಚಿತ್ರ ಕಿತ್ತೆ. ನಾಲ್ಕು ಮೂಲೆಯ ಗೋಂದು
ಇನ್ನೂ ಹೋಗಿಲ್ಲ, ಧೂಳು ಹಿಡಿದು ಕಪ್ಪಾಗಿದೆ.

ಆದರೂ ಜುಲೈ ಬಂದರೆ ತಡೆಯಲಾರೆ.
ಅಲ್ಲಿ ಇಳಿಬಿಸಿಲು, ಇಲ್ಲಿ ರಾತ್ರಿ ಒಂಬತ್ತು.
ಟಿವಿಯ ಮುಂದೆ ಅಮ್ಮ ಮೆಂತ್ಯ ಸೊಪ್ಪು ಬಿಡಿಸುತ್ತ
ಗೆದ್ದವನನ್ನು ಒಮ್ಮೆ ನೋಡಿ, ಮುಗೀತಲ್ಲ ಎಂದು,
‘ಕೊನೆಯವನು ಎಲ್ಲಿದ್ದಾನೆ?’

ಬೆಟ್ಟದ ದಿನ ಭಾರದ ಮೈಯವರೆಲ್ಲ
ಹಿಂದೆ ಒಂದು ಗುಂಪು ಕಟ್ಟಿಕೊಳ್ಳುತ್ತಾರಮ್ಮ,
ಒಟ್ಟಿಗೆ ಸೋಲುತ್ತ, ಒಟ್ಟಿಗೆ ಲೆಕ್ಕ ಹಾಕುತ್ತ.
ಗಡುವು ಮೀರಿದರೆ ನಾಳೆ ಓಟವಿಲ್ಲ, ಮನೆಗೆ.
‘ಪಾಪ, ಅವನಿಗೆ ಊಟ ಮುಚ್ಚಿಡೋರು ಇದ್ದಾರಾ?’
ಇದ್ದಾರೆ. ಅನ್ನ ತೂಕ ಹಾಕಿ ಬಡಿಸುತ್ತಾರೆ.
‘ತೂಕ ಹಾಕೀ?’
ಅಮ್ಮನ ಕೈಯಲ್ಲಿ ಸೊಪ್ಪು ಹಾಗೇ ನಿಂತಿತು.

ನಂದಿಯ ಬುಡದಲ್ಲಿ ತಿಪ್ಪೇಶ ಹಾರಿಹೋದ.
ಮೂರನೇ ತಿರುವಿಗೆ ಪೊನ್ನವ್ವನ ಬೆನ್ನೂ ಇಲ್ಲ.
ನಾನು, ನನ್ನ ಉಸಿರು, ಸರಪಳಿಯ ಕಿರುಗುಟ್ಟು.
ಹಾರ್ನಿನ ಕಾರುಗಳು, ಕಿಟಕಿಯಿಂದ ಒಬ್ಬ
‘ಕಮಾನ್ ಆಂಟಿ!’
ಕಮಾನ್ ಅಂದದ್ದಕ್ಕೆ ಕ್ಷಮಿಸಿದೆ,
ಆಂಟಿಗೆ ಇನ್ನೂ ಇಲ್ಲ.
ಕೋತಿಯೊಂದು ಕಟ್ಟೆ ಮೇಲೆ ಕೂತು
ನನ್ನ ಜೇಬಿನ ಬಾಳೆಹಣ್ಣನ್ನೂ ನನ್ನ ಗತಿಯನ್ನೂ
ತಾಳೆ ಹಾಕುತ್ತಿತ್ತು.
ಹೆಲಿಕಾಪ್ಟರಿಲ್ಲ, ಕ್ಯಾಮೆರಾ ಇಲ್ಲ.
ರಸ್ತೆಯ ಮೇಲೆ ಸುಣ್ಣದಲ್ಲಿ ಯಾರೂ ನನ್ನ ಹೆಸರು ಬರೆದಿಲ್ಲ.
ತೊಡೆ ಮಾತ್ರ
ಅವರ ತೊಡೆಯಂತೆಯೇ ಉರಿಯುತ್ತಿತ್ತು, ಅಂದುಕೊಂಡೆ.

‘ಐವತ್ತೆರಡು ನಿಮಿಷ,’ ಮೇಲೆ ಮುನೀರಣ್ಣ
ಕಡಲೆಕಾಯಿ ಸಿಪ್ಪೆ ಊದುತ್ತ.
ಅವರಾದರೆ ಇದರ ಅರ್ಧವೂ ಬೇಡ.
ಆ ಲೆಕ್ಕಕ್ಕೆ ನಾನು ಗಡುವಿನಾಚೆ, ಮನೆಗೆ ಹೋಗಬೇಕು.
ಹೋಗುತ್ತಿದ್ದೇನಲ್ಲ.
ಇಳಿಜಾರು. ಕಣ್ಣಲ್ಲಿ ನೀರು, ಗಾಳಿಗೆ.

ಮೂರು ಮಹಡಿ ಹೊತ್ತು ಹತ್ತಿದೆ.
ಅಮ್ಮ ಸ್ನಾನಕ್ಕೆ ಹೋಗಿದ್ದಳು.
ತಟ್ಟೆಯ ಮೇಲೆ ತಟ್ಟೆ, ಒಳಗೆ ಮೆಂತ್ಯ ರೊಟ್ಟಿ,
ಎಷ್ಟೆಂದು ಅವಳೂ ಎಣಿಸಿಲ್ಲ, ನಾನೂ.

ಹತ್ತೂವರೆಗೆ ಲ್ಯಾಬು. ಎದುರಿಗೆ ಯಾರದೋ ತೆಳ್ಳನೆ ತೋಳು.
ಮುಷ್ಟಿ ಬಿಗಿ ಮಾಡಿ, ಅಜ್ಜಾ.
ಬೆರಳಲ್ಲಿ ಇನ್ನೂ ಹ್ಯಾಂಡಲ್ಲಿನ ಸಣ್ಣ ನಡುಕ,
ಆದರೂ ನರ
ಒಂದೇ ಸಲಕ್ಕೆ ಸಿಕ್ಕಿತು.