ಗುಲಾಬಿ ಚೀಟಿ

ಟೊಲೀಡೊದ ಈ ಆಸ್ಪತ್ರೆಯಲ್ಲಿ ಕೋರ್ಟಿಗೆಂದು ಬೇರೆ ಕೋಣೆಯಿಲ್ಲ.
ಬುಧವಾರ ಬಂತೆಂದರೆ ಊಟದ ಮೇಜು ಒರೆಸಿ
ಒಂದು ಪುಟ್ಟ ಬಾವುಟ ನಿಲ್ಲಿಸುತ್ತಾರೆ,
ಅಷ್ಟೇ, ನ್ಯಾಯಸ್ಥಾನ.
ಮೂಲೆಯಲ್ಲಿ ಸೋಡಾ ಯಂತ್ರ ಗುಂಯ್ಗುಡುತ್ತಲೇ ಇರುತ್ತದೆ.

ಪೊಲೀಸರು ಲೋರಾಂಟನನ್ನು ಕರೆತಂದ ರಾತ್ರಿ
ಡಾಕ್ಟರು ಬರೆದದ್ದು ಗುಲಾಬಿ ಬಣ್ಣದ ಚೀಟಿ.
ಯಾರು ಆರಿಸಿದರೋ ಆ ಬಣ್ಣವನ್ನು,
ಕೂಸಿನ ಕುಲಾವಿಗೆ ಆರಿಸಿದ ಹಾಗೆ.
ಮೂರು ದಿನ, ಎಂದಿತ್ತು ಅದರಲ್ಲಿ. ಆಮೇಲೆ ನಾನು.

ನಾನು ಅಂದರೆ ಅರ್ಜಿದಾರಳು, ಅಕ್ಕ,
ಮಾರ್ಗಿಟ್ ಬೊದ್ನಾರ್, ಐವತ್ತೊಂದು ವರ್ಷ.
ಅವನು ಗಾಜಿನ ಕಾರ್ಖಾನೆಯಲ್ಲಿ
ಹಾಳೆ ಹಾಳೆಯ ಕುಂದು ಹುಡುಕುತ್ತಿದ್ದವನು,
ಕೂದಲೆಳೆಯ ಬಿರುಕೂ ಅವನ ಕಣ್ಣು ತಪ್ಪಿಸಿದ್ದಿಲ್ಲ.
ಈಗ ಮನೆಯ ಕಿಟಕಿಗೆಲ್ಲ ಕಂಬಳಿ ಬಡಿದಿದ್ದಾನೆ.
ಗಾಜು ಹೆಸರು ಹಿಡಿದು ಕರೆಯುತ್ತದಂತೆ.

ಹೊಡೆದಿದ್ದಾನೆಯೆ?
ಇಲ್ಲ.
ಹೊಡೆಯುತ್ತೇನೆ ಎಂದಿದ್ದಾನೆಯೆ?
ಇಲ್ಲ. ಜನವರಿ ಒಂಬತ್ತರಂದು
ಬಸ್ ಸ್ಟಾಪಿನಲ್ಲಿ ಬೂಟು ಬಿಚ್ಚಿ ಜೋಡಿಸಿಟ್ಟು
ಈರಿ ಸರೋವರದ ಮಂಜುಗಡ್ಡೆಯ ಮೇಲೆ ಬರಿಗಾಲಲ್ಲಿ ನಡೆದ.
ಸಾಯುವ ಉದ್ದೇಶವಿತ್ತೆ?
ತೂತು ಕೊರೆದು ಮೀನು ಹಿಡಿಯುತ್ತಿದ್ದವರನ್ನು ಕೇಳಿದನಂತೆ,
ಕೆಳಗಿರುವವರು ಇನ್ನೂ ಉಸಿರಾಡುತ್ತಿದ್ದಾರಾ ಎಂದು.

ಅವನ ಪರ ಸರ್ಕಾರ ಕೊಟ್ಟ ವಕೀಲೆ ಜಾಣೆ,
ಇಪ್ಪತ್ತಾರೂ ದಾಟಿರಲಿಕ್ಕಿಲ್ಲ.
ವಿಚಿತ್ರವಾಗಿರುವುದು ತಪ್ಪಲ್ಲ ಎಂದಳು.
ಬೀಗ ಹಾಕುವ ಮೊದಲು ಕಾನೂನಿನ ಕೈ
ಒಂದಿಷ್ಟಾದರೂ ನಡುಗಬೇಕು ಎಂದಳು.
ಎದ್ದು ಹೋಗಿ ಅವಳ ಪಕ್ಕ ಕೂತುಬಿಡೋಣ ಅನ್ನಿಸಿತು,
ಅರ್ಜಿ ಹಾಕಿದ ನನಗೇ.

ನಾಲಿಗೆಯ ತುದಿಯಲ್ಲಿ ಒಂದು ಸುಳ್ಳು ಕೂತಿತ್ತು:
ಚಾಕು.
ಎರಡೇ ಅಕ್ಷರ, ಸಾಕಾಗುತ್ತಿತ್ತು.
ಉಗುಳು ನುಂಗಿದೆ.

ಆಗ ಲೋರಾಂಟ ಕೈ ಎತ್ತಿದ, ಶಾಲೆಯ ಹುಡುಗನಂತೆ.
"ಒಂಬತ್ತಲ್ಲ, ಹನ್ನೊಂದು.
ಒಂಬತ್ತರಂದು ಮಂಜು ತೆಳ್ಳಗಿತ್ತು.
ಕಾಲಿಟ್ಟು ನೋಡಿ ವಾಪಸು ಬಂದೆ."

ವಕೀಲೆ ಬರೆದುಕೊಂಡಳು.
ಡಾಕ್ಟರೂ ಬರೆದುಕೊಂಡರು, ಅದೇ ಮಾತನ್ನು.

ತೊಂಬತ್ತು ದಿನ.
ಸೋಡಾ ಯಂತ್ರದೊಳಗೆ ಒಂದು ಡಬ್ಬಿ ಧೊಪ್ಪೆಂದು ಬಿತ್ತು,
ಯಾರೂ ಕಾಸು ಹಾಕಿರಲಿಲ್ಲ.

ವಾರ್ಡಿನ ಬಾಗಿಲಲ್ಲಿ ನರ್ಸ್ ತಡೆದಳು:
ಬೂಟು ಕೊಡಬಹುದು, ದಾರ ಬಿಚ್ಚಿ ಕೊಡಿ.
ನೆಲದ ಮೇಲೆ ಕೂತು ಬಿಚ್ಚಿದೆ. ಕಗ್ಗಂಟಾಗಿತ್ತು, ಹೊತ್ತು ಹಿಡಿಯಿತು.
ತಲೆಯೆತ್ತಿದರೆ, ತಂತಿ ಹುದುಗಿಸಿದ ಆ ಅಂಗೈಯಗಲದ ಗಾಜಿನಾಚೆ ಅವನು.
ನನ್ನನ್ನು ನೋಡುತ್ತಿರಲಿಲ್ಲ. ಗಾಜನ್ನು ನೋಡುತ್ತಿದ್ದ,
ಎಷ್ಟೋ ತಿಂಗಳ ಮೇಲೆ, ಹೆದರದೆ.
ಮೇಲಿನ ಮೂಲೆಯಲ್ಲಿ ಬೆರಳಿಟ್ಟು
ಇಲ್ಲಿ, ಎಂದು ತೋರಿಸಿದ.

ನಾನೂ ನೋಡಿದೆ.
ನನಗೇನೂ ಕಾಣಲಿಲ್ಲ.